ಹುಳುಕು ಹಲ್ಲಿನ ಹುಳು ಎಲ್ಲಿದೆ?

ಕೆಟ್ಟುಹೋದ ಹಲ್ಲನ್ನು ಕನ್ನಡದಲ್ಲಿ ‘ಹುಳುಕು ಹಲ್ಲು’ ಎನ್ನುತ್ತೇವೆ. ‘ಹಲ್ಲಿಗೆ ಹುಳ ಹಿಡಿದಿದೆ’ ಎಂದು ಮನೆಯ ಹಿರಿಯರು ಹೇಳುವುದನ್ನೂ ನೀವು ಕೇಳಿರುತ್ತೀರಿ. ಈ ಮಾತಿನೊಳಗೆ ಒಂದು ಹಳೆಯ ಸಿದ್ಧಾಂತವೇ ಅಡಗಿದೆ: ಹಲ್ಲಿನೊಳಗೆ ಹುಳು ಸೇರಿಕೊಂಡು ಅದನ್ನು ಕೊರೆಯುತ್ತದೆ, ಆದ್ದರಿಂದ ಹಲ್ಲು ತೂತಾಗಿ ನೋಯುತ್ತದೆ ಎಂಬುದೇ ಆ ಸಿದ್ಧಾಂತ. ಇದು ಕನ್ನಡಿಗರ ಕಲ್ಪನೆ ಮಾತ್ರವಲ್ಲ. ಪ್ರಾಚೀನ ಬ್ಯಾಬಿಲೋನಿಯದ ಮಣ್ಣಿನ ಫಲಕವೊಂದರಲ್ಲಿ ಹಲ್ಲಿನ ಹುಳುವಿನ ಹುಟ್ಟಿನ ಕಥೆಯಿದೆ, ಅದನ್ನು ಓಡಿಸುವ ಮಂತ್ರವಿದೆ. ನಮ್ಮ ಸುಶ್ರುತ ಸಂಹಿತೆ ಹಲ್ಲಿನ ರೋಗಗಳನ್ನು ಎಣಿಸುವಾಗ ‘ಕೃಮಿದಂತಕ’ ಎಂಬ ಹೆಸರು ಹೇಳುತ್ತದೆ.

ಹುಳುವನ್ನು ಕಣ್ಣಾರೆ ಕಂಡೆವು ಎಂದವರೂ ಇದ್ದರು. ಯೂರೋಪಿನಲ್ಲಿ ಹೆನ್‌ಬೇನ್ ಎಂಬ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿಯುವ ಚಿಕಿತ್ಸೆ ಬಹುಕಾಲ ನಡೆದಿತ್ತು. ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಎಳೆಯಂಥ ‘ಹುಳು’ಗಳು ಕೆಳಗೆ ಬಿದ್ದಿರುತ್ತಿದ್ದವು. ಅವು ಹುಳುಗಳಲ್ಲ; ಕಾವಿಗೆ ಬಿರಿದ ಬೀಜದಿಂದ ಹೊರಬಂದ ಮೊಳಕೆಯ ಭಾಗಗಳು. ಕಣ್ಣಿಗೆ ಕಂಡದ್ದೆಲ್ಲ ಪುರಾವೆಯಲ್ಲ ಎಂಬ ಪಾಠ ಇಲ್ಲಿಂದಲೇ ಆರಂಭವಾಗುತ್ತದೆ. ಹಾಗಾದರೆ ಹಲ್ಲನ್ನು ಕೊರೆಯುವುದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಹಾದಿಯಲ್ಲಿ ನಾವೂ ಸ್ವಲ್ಪ ದೂರ ನಡೆದು ಬರೋಣ.

ಹಲ್ಲು ನೋವು ಹೊಸದಲ್ಲ

ಈಗ ಪಾಕಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ ಸುಮಾರು 7,500ರಿಂದ 9,000 ವರ್ಷಗಳಷ್ಟು ಹಿಂದಿನ ಸಮಾಧಿಗಳು ದೊರೆತಿವೆ. ಅಲ್ಲಿನ ಒಂಬತ್ತು ಮಂದಿಯ ಹನ್ನೊಂದು ದವಡೆ ಹಲ್ಲುಗಳಲ್ಲಿ ಮನುಷ್ಯರೇ ಕೊರೆದ ರಂಧ್ರಗಳಿವೆ ಎಂದು 2006ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮಣಿ ಕೊರೆಯುವ ಬೈರಿಗೆಯಂಥ, ಚಕಮಕಿ ಕಲ್ಲಿನ ತುದಿಯುಳ್ಳ ಸಾಧನ ಅವರದು. ಕೆಲವು ಹಲ್ಲುಗಳಲ್ಲಿ ಹುಳುಕಿನ ಗುರುತೂ ಇತ್ತು. ರಂಧ್ರದ ಅಂಚುಗಳು ಸವೆದಿದ್ದುದರಿಂದ, ಕೊರೆಸಿಕೊಂಡವರು ಆಮೇಲೂ ಬದುಕಿದ್ದು ಅದೇ ಹಲ್ಲಿನಿಂದ ಅಗಿದಿದ್ದರು ಎಂದು ತಿಳಿಯುತ್ತದೆ. ಅರಿವಳಿಕೆ ಮದ್ದಿಲ್ಲದ ಕಾಲವದು. ಅವರು ಪಟ್ಟ ಯಾತನೆಯನ್ನು ನೀವೇ ಊಹಿಸಿಕೊಳ್ಳಿ.

ಕಾರಣ ತಿಳಿಯದಿದ್ದರೂ ಹಲ್ಲನ್ನು ಶುಚಿಯಾಗಿಡುವ ಕ್ರಮ ನಮ್ಮಲ್ಲಿ ಬಹಳ ಹಿಂದೆಯೇ ರೂಪುಗೊಂಡಿತ್ತು. ಹಲ್ಲುಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳಿನಷ್ಟು ದಪ್ಪವಿರಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ತುದಿಯನ್ನು ಜಜ್ಜಿ ಮೆದು ಮಾಡಿಕೊಂಡು, ದಿನಕ್ಕೆ ಎರಡು ಹೊತ್ತು, ಒಸಡಿಗೆ ನೋವಾಗದಂತೆ ಉಜ್ಜಬೇಕು ಎಂಬುದು ಚರಕ ಸಂಹಿತೆಯ ಸೂಚನೆ. ಎರಡು ಹೊತ್ತು, ಮೆದು ತುದಿ, ಒಸಡಿನ ರಕ್ಷಣೆ: ಇಂದಿನ ದಂತವೈದ್ಯರು ಹೇಳುವುದೂ ಈ ಮೂರನ್ನೇ. ಬೇವು, ಹೊಂಗೆಯ ಕಡ್ಡಿ ಹಿಡಿದ ನಮ್ಮ ಅಜ್ಜಂದಿರು ಈ ಕ್ರಮವನ್ನೇ ಉಳಿಸಿಕೊಂಡು ಬಂದಿದ್ದರು. ಹಂದಿಯ ಒರಟು ಕೂದಲಿನ ಬ್ರಷ್ ಮೊದಲು ಚೀನಾದಲ್ಲಿ ಬಳಕೆಗೆ ಬಂತು. ಈಗ ನಿಮ್ಮ ಕೈಯಲ್ಲಿರುವಂಥ ನೈಲಾನ್ ಎಳೆಯ ಬ್ರಷ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1938ರಲ್ಲಿ.

ಹುಳು ಹೋಯಿತು, ಸಕ್ಕರೆ ಬಂತು

1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದರು. ದಿನವೂ ಉಪ್ಪಿನಿಂದ ಹಲ್ಲು ತಿಕ್ಕಿ, ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ ಶಿಸ್ತಿನ ಮನುಷ್ಯ ಅವರು. ಆದರೂ ಹಲ್ಲುಗಳ ಸಂದಿಯಲ್ಲಿ ಬಿಳಿಯ ಹಿಟ್ಟಿನಂಥ ಪದಾರ್ಥ ಉಳಿಯುತ್ತಿತ್ತು. ಅದನ್ನು ನೀರಿನಲ್ಲಿ ಕಲಸಿ, ತಾವೇ ಉಜ್ಜಿ ಮಾಡಿದ ಪುಟ್ಟ ಮಸೂರದ ಕೆಳಗಿಟ್ಟು ನೋಡಿದಾಗ, ಅಸಂಖ್ಯಾತ ಸೂಕ್ಷ್ಮಜೀವಿಗಳು ಅತ್ತಿತ್ತ ಓಡಾಡುತ್ತಿದ್ದವು. ಮನುಷ್ಯನ ಬಾಯಿಯ ಬ್ಯಾಕ್ಟೀರಿಯಗಳನ್ನು ಮೊದಲು ಕಂಡವರು ಅವರೇ. ಆದರೆ ಅವುಗಳಿಗೂ ಹುಳುಕಿಗೂ ಇರುವ ಸಂಬಂಧ ಆಗ ಯಾರಿಗೂ ಹೊಳೆಯಲಿಲ್ಲ.

ಮುಂದಿನ ಹೆಜ್ಜೆ ಫ್ರಾನ್ಸಿನದು. 1728ರಲ್ಲಿ ಪಿಯೇರ್ ಫೋಶಾರ್ ದಂತವೈದ್ಯದ ಬಗ್ಗೆ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು. ಕೆಟ್ಟ ಹಲ್ಲುಗಳನ್ನು ತಾವು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹುಳು ಕಾಣಲಿಲ್ಲ ಎಂದು ಬರೆದು, ಸಕ್ಕರೆ ಮತ್ತು ಸಿಹಿತಿಂಡಿಗಳ ಕಡೆಗೆ ಬೆರಳು ತೋರಿಸಿದರು. ಅದೇ ಶತಮಾನದಲ್ಲಿ ಯೂರೋಪಿನಲ್ಲಿ ಸಕ್ಕರೆಯ ಬಳಕೆ ಏರತೊಡಗಿತ್ತು. ವೆಸ್ಟ್ ಇಂಡೀಸಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆ ಅದು. ಶ್ರೀಮಂತರ ಮೇಜಿನಿಂದ ಅದು ಕ್ರಮೇಣ ಬಡವರ ಚಹಾಕ್ಕೆ ಇಳಿಯಿತು. 1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿದಾಗ ಇನ್ನಷ್ಟು ಅಗ್ಗವಾಯಿತು. ಸಕ್ಕರೆ ಹರಡಿದಂತೆ ಹುಳುಕೂ ಹರಡಿತು.

ಮಿಲ್ಲರ್ ಅವರ ಪ್ರಯೋಗ

ಸಕ್ಕರೆಯನ್ನೂ ಸೂಕ್ಷ್ಮಜೀವಿಗಳನ್ನೂ ಜೋಡಿಸಿದ ಕೀರ್ತಿ ವಿಲ್ಲೋಬಿ ಡೇಟನ್ ಮಿಲ್ಲರ್ ಎಂಬ ಅಮೆರಿಕನ್ನನಿಗೆ ಸಲ್ಲುತ್ತದೆ. ಕ್ಷಯರೋಗದ ಬ್ಯಾಕ್ಟೀರಿಯವನ್ನು ಕಂಡುಹಿಡಿದ ರಾಬರ್ಟ್ ಕಾಕ್ ಅವರ ಬರ್ಲಿನ್ ಪ್ರಯೋಗಾಲಯದಲ್ಲಿ ಆತ ಕೆಲಸ ಕಲಿತರು. ಅವರ ಪ್ರಯೋಗ ಎಷ್ಟು ಸರಳವೆಂದರೆ, ಪ್ರೌಢಶಾಲೆಯ ವಿದ್ಯಾರ್ಥಿಗೂ ಅದರ ತರ್ಕ ಕೂಡಲೇ ಅರ್ಥವಾಗುತ್ತದೆ. ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ಬ್ರೆಡ್ಡಿನ ಮಿಶ್ರಣದಲ್ಲಿಟ್ಟು, ದೇಹದಷ್ಟೇ ಬೆಚ್ಚಗಿರಿಸಿದರು. ಹಲ್ಲಿನ ಸುಣ್ಣದ ಅಂಶ ಕರಗಿತು. ಬ್ರೆಡ್ಡಿಗೆ ಬದಲು ಮಾಂಸ ಹಾಕಿದರು. ಹಲ್ಲು ಕರಗಲಿಲ್ಲ. ಮತ್ತೆ ಬ್ರೆಡ್ಡನ್ನೇ ಹಾಕಿದರು, ಆದರೆ ಈ ಸಲ ಜೊಲ್ಲನ್ನು ಮೊದಲೇ ಕುದಿಸಿದ್ದರು. ಆಗಲೂ ಹಲ್ಲು ಕರಗಲಿಲ್ಲ.

ಇದರಿಂದ ನೀವು ಏನನ್ನು ತೀರ್ಮಾನಿಸುವಿರಿ? ಹಲ್ಲು ಕರಗಬೇಕಾದರೆ ಪಿಷ್ಟ ಅಥವಾ ಸಕ್ಕರೆ ಬೇಕು. ಕುದಿಸಿದರೆ ಸಾಯುವ ಏನೋ ಒಂದು ಜೊಲ್ಲಿನಲ್ಲಿರಬೇಕು. ಆ ಏನೋ ಒಂದೇ ಬ್ಯಾಕ್ಟೀರಿಯ. ಅದು ಸಕ್ಕರೆಯನ್ನು ತಿಂದು ಆಮ್ಲವನ್ನು ಹೊರಬಿಡುತ್ತದೆ. ಹಲ್ಲನ್ನು ಕರಗಿಸುವುದು ಆ ಆಮ್ಲ. 1890ರಲ್ಲಿ ಇಂಗ್ಲಿಷಿನಲ್ಲಿ ಬಂದ ಮಿಲ್ಲರ್ ಅವರ ಪುಸ್ತಕ ಈ ವಾದವನ್ನು ಜಗತ್ತಿಗೆ ತಿಳಿಸಿತು. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂಬ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಕೊನೆಯ ಮುದ್ರೆ ಬಿದ್ದದ್ದು 1954ರಲ್ಲಿ. ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಸಾಕಿದ ಇಲಿಗಳಿಗೆ ಸಿಹಿ ಆಹಾರ ಕೊಟ್ಟರೂ ಹಲ್ಲು ಹುಳುಕಾಗಲಿಲ್ಲವೆಂದು ಅಮೆರಿಕದ ಫ್ರಾಂಕ್ ಓರ್ಲ್ಯಾಂಡ್ ಮತ್ತು ಸಂಗಡಿಗರು ತೋರಿಸಿದರು. ಸಕ್ಕರೆಯೊಂದೇ ಸಾಲದು, ಬ್ಯಾಕ್ಟೀರಿಯವೂ ಬೇಕು.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ಪದಾರ್ಥ. ಅದರ ತೂಕದ ಸುಮಾರು ಶೇಕಡ 96ರಷ್ಟು ಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಖನಿಜ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ಎನಾಮಲಿನಲ್ಲಿ ಒಮ್ಮೆ ಗುಂಡಿ ಬಿದ್ದರೆ ಅದು ತಾನಾಗಿ ಮುಚ್ಚಿಕೊಳ್ಳದು. ಆದ್ದರಿಂದಲೇ ಹಲ್ಲಿನ ವಿಷಯದಲ್ಲಿ ಚಿಕಿತ್ಸೆಗಿಂತ ತಡೆಯುವುದಕ್ಕೆ ಹೆಚ್ಚು ಬೆಲೆ.

ಟಾಫಿಯ ಲೆಕ್ಕ

ಎಷ್ಟು ಸಕ್ಕರೆ ತಿಂದರೆ ಅಪಾಯ? 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಈ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ಕೊಟ್ಟರು. ಬಾಯಿಗೆ ಸಿಹಿ ದ್ರಾವಣ ಹಾಕಿ, ಹಲ್ಲಿನ ಪಾಚಿಯ ಆಮ್ಲತೆಯನ್ನು ಅಳೆದರು. ತಟಸ್ಥ ಸ್ಥಿತಿಯ ಪಿಎಚ್ 7 ಎಂದು ನೀವು ಓದಿದ್ದೀರಿ. ಸಿಹಿ ಸೋಕಿದ ಕೆಲವೇ ನಿಮಿಷಗಳಲ್ಲಿ ಅದು 5.5ಕ್ಕಿಂತ ಕೆಳಗಿಳಿಯಿತು. ಎನಾಮಲ್ ಕರಗಲು ಆರಂಭಿಸುವುದು ಸುಮಾರು ಆ ಮಟ್ಟದಲ್ಲೇ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆ ಬಿಡುವಿನಲ್ಲಿ ಜೊಲ್ಲು ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಸ್ವಲ್ಪ ಸ್ವಲ್ಪವೇ ಹಿಂತಿರುಗಿಸುತ್ತದೆ. ಅಷ್ಟರೊಳಗೆ ನೀವು ಇನ್ನೊಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರೆ? ಜೊಲ್ಲಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಉಳಿದ ಭಾಗಕ್ಕೆ ಉತ್ತರ ಸಿಕ್ಕಿದ ಬಗೆ ಸಂತೋಷದ್ದಲ್ಲ. ಸ್ವೀಡನ್ನಿನ ಲುಂಡ್ ನಗರದ ಬಳಿ ವಿಪೆಹೋಮ್ ಎಂಬ ಸಂಸ್ಥೆಯಿತ್ತು. ಬುದ್ಧಿಮಾಂದ್ಯರೆಂದು ಗುರುತಿಸಿದವರನ್ನು ಅಲ್ಲಿ ಇರಿಸಲಾಗಿತ್ತು. 1945ರಿಂದ 1955ರವರೆಗೆ ನಡೆದ ಅಧ್ಯಯನದಲ್ಲಿ ಅವರ ಕೆಲವು ಗುಂಪುಗಳಿಗೆ ಊಟದೊಡನೆ ಸಕ್ಕರೆ ಕೊಟ್ಟರು. ಬೇರೆ ಗುಂಪುಗಳಿಗೆ ಊಟಗಳ ನಡುವೆ ಹಲ್ಲಿಗೆ ಅಂಟುವಂಥ ಟಾಫಿ ಕೊಟ್ಟರು. ಊಟದೊಡನೆ ತಿಂದವರಲ್ಲಿ ಹುಳುಕು ಸ್ವಲ್ಪ ಮಾತ್ರ ಹೆಚ್ಚಿತು. ನಡುನಡುವೆ ಟಾಫಿ ತಿಂದವರ ಹಲ್ಲುಗಳು ವೇಗವಾಗಿ ಹಾಳಾದವು. ಎಷ್ಟು ತಿನ್ನುತ್ತೀರಿ ಎಂಬುದಕ್ಕಿಂತ ಎಷ್ಟು ಸಲ ತಿನ್ನುತ್ತೀರಿ, ಅದು ಹಲ್ಲಿಗೆ ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂಬುದು ಮುಖ್ಯ ಎಂದು ಹೀಗೆ ಸಿದ್ಧವಾಯಿತು. ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಮಿಠಾಯಿ ಎಂಬ ಸ್ವೀಡನ್ನಿನ ರೂಢಿ ಬೆಳೆದದ್ದು ಆ ಬಳಿಕ.

ಆದರೆ ಆ ಜನರು ಒಪ್ಪಿಗೆ ಕೊಟ್ಟಿರಲಿಲ್ಲ. ಕೊಡುವ ಅಥವಾ ನಿರಾಕರಿಸುವ ಸ್ಥಿತಿಯಲ್ಲೂ ಇರಲಿಲ್ಲ. ನಮ್ಮ ಹಲ್ಲನ್ನು ಉಳಿಸುವ ತಿಳಿವಳಿಕೆಗೆ ಅವರು ತಮ್ಮ ಹಲ್ಲನ್ನು ತೆತ್ತರು. ವೈದ್ಯಕೀಯ ನೀತಿಯ ಪಾಠಗಳಲ್ಲಿ ಇಂದು ವಿಪೆಹೋಮ್ ಒಂದು ಎಚ್ಚರಿಕೆಯ ಉದಾಹರಣೆ. ವಿಜ್ಞಾನದ ಫಲಿತಾಂಶವನ್ನು ಓದುವಾಗ ಅದರ ಬೆಲೆಯನ್ನು ಯಾರು ಕೊಟ್ಟರು ಎಂದು ಕೇಳುವ ಅಭ್ಯಾಸವನ್ನು ನೀವು ಬೆಳೆಸಿಕೊಳ್ಳಬೇಕು.

ಕಂದು ಕಲೆಯ ಒಗಟು

1901ರಲ್ಲಿ ಫ್ರೆಡರಿಕ್ ಮೆಕ್‌ಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ವಿಚಿತ್ರವಾದ ಕಂದು ಕಲೆಗಳಿದ್ದವು. ಆ ಹಲ್ಲುಗಳಿಗೆ ಹುಳುಕು ಮಾತ್ರ ಅಪರೂಪ. ಕುಡಿಯುವ ನೀರಿನಲ್ಲಿ ಏನೋ ಇದೆ ಎಂಬ ಸಂಶಯ ಬಂದರೂ ಅದು ಏನೆಂದು ತಿಳಿಯಲು ಮೂವತ್ತು ವರ್ಷ ಬೇಕಾಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನವಿಜ್ಞಾನಿ ಎಚ್. ವಿ. ಚರ್ಚಿಲ್ ನೀರಿನಲ್ಲಿ ಫ್ಲೋರೈಡನ್ನು ಪತ್ತೆ ಮಾಡಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಕಲೆಯೂ ಹೆಚ್ಚಾಗಿ ಬೀಳದು, ಹುಳುಕೂ ಕಡಿಮೆ ಎಂದು ಟ್ರೆಂಡ್ಲಿ ಡೀನ್ ಲೆಕ್ಕಹಾಕಿದರು. 1945ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನೀರಿಗೆ ಫ್ಲೋರೈಡ್ ಬೆರೆಸಿತು. ಆಮೇಲೆ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡ 60ಕ್ಕಿಂತ ಹೆಚ್ಚು ಇಳಿಯಿತು. 1950ರ ದಶಕದಲ್ಲಿ ಫ್ಲೋರೈಡ್ ಟೂತ್‌ಪೇಸ್ಟಿನೊಳಗೂ ಬಂತು.

ನಮ್ಮ ನಾಡಿನಲ್ಲಿ ಈ ಕಥೆಗೆ ಇನ್ನೊಂದು ಮುಖವಿದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರಿನ ಕಡೆಯಿಂದ ಫ್ಲೋರೋಸಿಸ್ ರೋಗದ ವರದಿ ಬಂತು. ಫ್ಲೋರೈಡ್ ಅತಿಯಾದರೆ ಹಲ್ಲಿಗೆ ಕಲೆ ಮಾತ್ರವಲ್ಲ, ಮೂಳೆಯೂ ಬಾಗುತ್ತದೆ, ಕೀಲುಗಳು ಬಿಗಿಯುತ್ತವೆ. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಮುಂತಾದ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಈ ತೊಂದರೆ ಕಂಡುಬಂದಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ನೆನಪಿಡಿ. ಅಂಥ ಊರಿನಲ್ಲಿ ನೀವಿದ್ದರೆ ಶುದ್ಧೀಕರಿಸಿದ ನೀರನ್ನೇ ಕುಡಿಯಬೇಕು. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲ್ಮೈಗೆ ಸೋಕಿ ಕೆಲಸ ಮಾಡುತ್ತದೆ. ಅದನ್ನು ನುಂಗಬೇಕಾಗಿಲ್ಲ, ನುಂಗಲೂಬಾರದು.

ಇತಿಹಾಸದಿಂದ ಬಚ್ಚಲುಮನೆಗೆ

ಇಷ್ಟೆಲ್ಲ ತಿಳಿದಿದ್ದರೂ ಹುಳುಕು ಸೋತಿಲ್ಲ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಚಿಕಿತ್ಸೆಯಾಗದ ಹುಳುಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ತಡೆಯುವ ಕ್ರಮ ಮಾತ್ರ ಕಷ್ಟದ್ದಲ್ಲ. ಮೇಲೆ ಹೇಳಿದ ಒಂದೊಂದು ಸಂಶೋಧನೆಯಿಂದಲೂ ಒಂದೊಂದು ಅಭ್ಯಾಸ ಹುಟ್ಟುತ್ತದೆ.

ಲೇವನ್‌ಹುಕ್ ಕಂಡ ಬಿಳಿ ಪದಾರ್ಥವೇ ಪಾಚಿ. ಅದು ಬಾಯಿ ಮುಕ್ಕಳಿಸಿದರೆ ಹೋಗದು. ಮೆದು ಎಳೆಯ ಬ್ರಷ್‌ನಿಂದ ಎರಡು ನಿಮಿಷ, ಒಳಬದಿ, ಹೊರಬದಿ, ಅಗಿಯುವ ಬದಿ ಎಲ್ಲವನ್ನೂ ಉಜ್ಜಿ ತೆಗೆಯಬೇಕು. ದಿನಕ್ಕೆ ಎರಡು ಸಲ ಉಜ್ಜಿ. ಅದರಲ್ಲಿ ಒಂದು ಮಲಗುವ ಮುನ್ನ ಇರಲಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ರಾತ್ರಿ ಹಲ್ಲಿಗೆ ಕಾವಲುಗಾರರಿಲ್ಲ. ಪೇಸ್ಟಿನಲ್ಲಿ 1,000ದಿಂದ 1,500 ಪಿಪಿಎಂ ಫ್ಲೋರೈಡ್ ಇದೆಯೇ ಎಂದು ಟ್ಯೂಬಿನ ಮೇಲೆ ಓದಿ ನೋಡಿ. ಟಿವಿ ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಪೇಸ್ಟ್ ಹಾಕುವುದು ತೆರೆಯ ಮೇಲೆ ಚೆನ್ನಾಗಿ ಕಾಣಲೆಂದೇ ಹೊರತು ಹಲ್ಲಿಗೆ ಅಷ್ಟು ಬೇಕೆಂದಲ್ಲ. ಮೂರರಿಂದ ಆರು ವರ್ಷದ ತಮ್ಮ ತಂಗಿಯರಿಗೆ ಬಟಾಣಿ ಕಾಳಿನಷ್ಟು ಸಾಕು. ಅದಕ್ಕೂ ಚಿಕ್ಕವರಿಗೆ ಅಕ್ಕಿ ಕಾಳಿನಷ್ಟು. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ; ಬೇಡ. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಮೆದು ಮಾಡಿಕೊಳ್ಳಿ. ಅದರಲ್ಲಿ ಪೇಸ್ಟಿನಷ್ಟು ಫ್ಲೋರೈಡ್ ಇಲ್ಲ ಎಂಬುದೂ ಗಮನದಲ್ಲಿರಲಿ. ಸಿಹಿಯನ್ನು ಊಟದೊಡನೆ ತಿಂದು ಮುಗಿಸಿ. ಹಲ್ಲಿನ ಮೇಲೆ ಸುಣ್ಣದ ಬಿಳಿಯಂಥ ಮಂಕಾದ ಚುಕ್ಕೆ ಕಂಡರೆ ಕೂಡಲೇ ದಂತವೈದ್ಯರಿಗೆ ತೋರಿಸಿ. ಗುಂಡಿ ಬೀಳುವ ಮುಂಚಿನ ಈ ಹಂತದಲ್ಲಿ ಮಾತ್ರ ಹುಳುಕನ್ನು ಹಿಂದಕ್ಕೆ ಕಳಿಸಲು ಸಾಧ್ಯ.

ಒಂದು ಚಿಕ್ಕ ಕೆಲಸ ಮಾಡಿ ನೋಡಿ. ನಾಳೆ ಬೆಳಗಿನಿಂದ ರಾತ್ರಿಯವರೆಗೆ ಸಿಹಿ ಬಾಯಿಗೆ ಬಿದ್ದ ಪ್ರತಿ ಸಲವೂ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಸಕ್ಕರೆ ಹಾಕಿದ ಕಾಫಿ, ಬಿಸ್ಕತ್ತು, ಕಡಲೆ ಮಿಠಾಯಿ, ಬಾಟಲಿ ಪಾನೀಯ ಎಲ್ಲವೂ ಲೆಕ್ಕಕ್ಕೆ ಬರಲಿ. ಒಂದು ಗೆರೆಗೆ ಅರ್ಧ ಗಂಟೆಯಂತೆ ಕೂಡಿಸಿ. ನಿಮ್ಮ ಹಲ್ಲು ದಿನದಲ್ಲಿ ಎಷ್ಟು ಹೊತ್ತು ಆಮ್ಲದಲ್ಲಿ ನೆನೆಯುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.