ಮೊದಲ ಪಂದ್ಯದ ತೂಕ ಎಷ್ಟು?

ಬೀರೂರಿಗೂ ಕಡೂರಿಗೂ ನಡುವೆ ಇರುವುದು ಆರೇಳು ಕಿಲೋಮೀಟರು ಅಷ್ಟೆ. ತಾಲ್ಲೂಕು ಕಚೇರಿ ಕಡೂರಿನಲ್ಲಿ, ರೈಲ್ವೆ ಜಂಕ್ಷನ್ ಬೀರೂರಿನಲ್ಲಿ. ಬೆಂಗಳೂರಿನಿಂದ ಬಂದ ಹಳಿ ಬೀರೂರಿನಲ್ಲಿ ಕವಲೊಡೆದು, ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೂ ಹೋಗುತ್ತದೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡತೊಡಗಿದ ಮೇಲೆ ಕಡೂರಿಗೂ ಜಂಕ್ಷನ್ ಎನ್ನುವ ಗೌರವ ಬಂತು. ಎರಡು ಊರು ಇಷ್ಟು ಹತ್ತಿರವಿದ್ದರೆ ಅವುಗಳ ನಡುವೆ ವ್ಯಾಪಾರ ಇರುತ್ತದೆ, ಬೀಗತನ ಇರುತ್ತದೆ, ಜೊತೆಗೆ ಸಣ್ಣದೊಂದು ಜಿದ್ದೂ ಇರುತ್ತದೆ. ದೂರದ ಊರಿನ ಮೇಲೆ ಯಾರೂ ಜಿದ್ದು ಕಟ್ಟುವುದಿಲ್ಲ.

ಈ ಮಾತು ನೆನಪಾದದ್ದು ಬೀರೂರಿನ ಪ್ಲಾಟ್‌ಫಾರಂ ಮೇಲೆ. ರಜೆ ಮುಗಿಸಿ ಬೆಂಗಳೂರಿಗೆ ಹೊರಟಿದ್ದ ಮೂವರು ಹುಡುಗರು ರೈಲು ಕಾಯುತ್ತ ಫುಟ್‌ಬಾಲ್ ವಾದದಲ್ಲಿ ಮುಳುಗಿದ್ದರು. ಋತುವಿನ ಮೊದಲ ಪಂದ್ಯವೇ ಕಟ್ಟಾ ಎದುರಾಳಿಯ ಮೇಲೆ ಬಿದ್ದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು ಪ್ರಶ್ನೆ. ಗೆದ್ದರೂ ಮೂರೇ ಅಂಕ, ಇನ್ನೂ ಇಪ್ಪತ್ತು ಚಿಲ್ಲರೆ ಪಂದ್ಯಗಳಿವೆ ಎಂದು ಒಬ್ಬನ ವಾದ. ಆ ಪಂದ್ಯ ಸೋತರೆ ವರ್ಷವಿಡೀ ಆಫೀಸಿನಲ್ಲಿ ತಲೆಯೆತ್ತುವ ಹಾಗಿಲ್ಲ ಎಂದು ಇನ್ನೊಬ್ಬನದು. ಮೂರನೆಯವನು ನಡುವೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ. ರೈಲು ಬಂತು, ವಾದ ಮುಗಿಯಲಿಲ್ಲ. ಅದನ್ನು ಇಲ್ಲಿ ಸ್ವಲ್ಪ ಮುಂದುವರಿಸಬಹುದು.

ಅವರು ಮಾತಾಡುತ್ತಿದ್ದದ್ದು 2023ರ ಸೆಪ್ಟೆಂಬರ್ 21ರ ಪಂದ್ಯದ ಬಗ್ಗೆ. ಇಂಡಿಯನ್ ಸೂಪರ್ ಲೀಗಿನ ಆ ವರ್ಷದ ಉದ್ಘಾಟನಾ ಪಂದ್ಯ ಕೊಚ್ಚಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆಯಿತು. ಒಂದು ಕಡೆ ಕೇರಳ ಬ್ಲಾಸ್ಟರ್ಸ್, ಇನ್ನೊಂದು ಕಡೆ ಬೆಂಗಳೂರು ಫುಟ್‌ಬಾಲ್ ಕ್ಲಬ್. ಅದಕ್ಕೆ ಮುಂಚಿನ ಆರು ತಿಂಗಳ ಕಥೆ ತಿಳಿಯದಿದ್ದರೆ ಆ ಸಂಜೆಯ ಗದ್ದಲ ಅರ್ಥವಾಗುವುದಿಲ್ಲ.

ಅದೇ ವರ್ಷ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇದೇ ಎರಡು ತಂಡಗಳ ನಡುವೆ ಪ್ಲೇ ಆಫ್ ಪಂದ್ಯ ನಡೆದಿತ್ತು. ನಿಗದಿತ 90 ನಿಮಿಷಗಳಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲೇ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇತ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ತಾವಿನ್ನೂ ಸಿದ್ಧರಾಗಿರಲಿಲ್ಲ ಎಂಬುದು ಕೇರಳದವರ ಆಕ್ಷೇಪ. ರೆಫರಿ ಗೋಲು ಸರಿ ಎಂದರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಕ್ಕೆ ಕರೆದರು, ಇಡೀ ತಂಡ ಹೊರನಡೆಯಿತು. ಪಂದ್ಯ ಬೆಂಗಳೂರಿನ ಪಾಲಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಇಷ್ಟೆಲ್ಲ ಆದ ಮೇಲೆ ಮುಂದಿನ ಋತುವಿನ ಮೊಟ್ಟಮೊದಲ ಪಂದ್ಯವೇ ಇವರಿಬ್ಬರದು ಎಂದು ವೇಳಾಪಟ್ಟಿ ಹೇಳಿದಾಗ ಎರಡೂ ಕಡೆಯ ಅಭಿಮಾನಿಗಳಿಗೆ ಕಿವಿ ನೆಟ್ಟಗಾದದ್ದು ಸಹಜ. ಸೇಡಿನ ಪಂದ್ಯ ಎಂದು ಒಂದು ಕಡೆಯವರು ಕರೆದರು. ಮತ್ತೆ ಅರ್ಧಕ್ಕೆ ಬಿಟ್ಟು ಹೋಗಬೇಡಿ ಎಂದು ಇನ್ನೊಂದು ಕಡೆಯವರು ಚುಚ್ಚಿದರು. ಆ ಸಂಜೆ ಕೇರಳ 2–1ರಿಂದ ಗೆದ್ದಿತು. ಮೊದಲ ಗೋಲು ಬೆಂಗಳೂರಿನ ಆಟಗಾರನ ತಲೆಗೇ ತಾಗಿ ಬಲೆ ಸೇರಿದ್ದು, ಎರಡನೆಯದು ಅಡ್ರಿಯನ್ ಲೂನಾ ಹೊಡೆದದ್ದು. ಪಂದ್ಯ ಮುಗಿಯುವ ಹೊತ್ತಿಗೆ ಕರ್ಟಿಸ್ ಮೇನ್ ಬೆಂಗಳೂರಿಗೆ ಒಂದು ಗೋಲು ತಂದರು.

ಆದರೆ ಸೇಡು ತೀರಿದ್ದು ಯಾರ ಮೇಲೆ? ಗೋಲು ಹೊಡೆದ ಛೇತ್ರಿ ಅಂದು ಕೊಚ್ಚಿಯಲ್ಲಿ ಇರಲೇ ಇಲ್ಲ. ಅದೇ ದಿನ ಅವರು ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಾಂಗ್ಲಾದೇಶದ ವಿರುದ್ಧ ಪೆನಾಲ್ಟಿ ಹೊಡೆದು ಭಾರತವನ್ನು ಗೆಲ್ಲಿಸುತ್ತಿದ್ದರು. ತಂಡವನ್ನು ಹೊರಕ್ಕೆ ಕರೆದ ಕೋಚ್ ನಿಷೇಧದ ಕಾರಣ ಬೆಂಚಿನ ಮೇಲೆ ಕೂರುವ ಹಾಗಿರಲಿಲ್ಲ. ಜಗಳದ ಇಬ್ಬರು ಮುಖ್ಯ ಪಾತ್ರಧಾರಿಗಳೂ ಇಲ್ಲದೆ ಸೇಡಿನ ನಾಟಕ ನಡೆದುಹೋಯಿತು. ಹಾಗಾದರೆ ಜಿದ್ದು ಇರುವುದು ಆಟಗಾರರಲ್ಲಿ ಅಲ್ಲ, ನೋಡುವವರ ಎದೆಯಲ್ಲಿ ಎಂದಾಯಿತು.

ಈಗ ಲೆಕ್ಕದವನ ವಾದವನ್ನು ನೋಡೋಣ. ಆ ಋತುವಿನಲ್ಲಿ 12 ತಂಡಗಳಿದ್ದವು, ಒಂದೊಂದಕ್ಕೆ 22 ಪಂದ್ಯ. ಮೊದಲ ಆರು ಸ್ಥಾನದವರಿಗೆ ಮಾತ್ರ ಮುಂದಿನ ಹಂತ. ಕೊನೆಗೆ ಕೇರಳ 33 ಅಂಕಗಳೊಂದಿಗೆ ಐದನೆಯದಾಯಿತು. ಬೆಂಗಳೂರು 22 ಅಂಕ ಪಡೆದು ಹತ್ತನೆಯ ಸ್ಥಾನಕ್ಕೆ ಇಳಿಯಿತು. ಆರನೆಯ ಸ್ಥಾನದ ಚೆನ್ನೈಯಿನ್ ತಂಡದ ಗಳಿಕೆ 27. ಮೊದಲ ಪಂದ್ಯವನ್ನು ಬೆಂಗಳೂರು ಗೆದ್ದಿದ್ದರೆ ಏನಾಗುತ್ತಿತ್ತು? ಅದರ ಅಂಕ 25 ಆಗುತ್ತಿತ್ತು, ಆದರೂ ಆರರೊಳಗೆ ಬರುತ್ತಿರಲಿಲ್ಲ. ಕೇರಳದ ಅಂಕ 30ಕ್ಕೆ ಇಳಿಯುತ್ತಿತ್ತು, ಆದರೂ ಐದನೆಯ ಸ್ಥಾನ ಕದಲುತ್ತಿರಲಿಲ್ಲ. ಅಂದರೆ ಅಷ್ಟು ಗದ್ದಲ ಎಬ್ಬಿಸಿದ ಪಂದ್ಯದ ಫಲಿತಾಂಶವನ್ನು ತಿರುಗಿಸಿ ಬರೆದರೂ ಮುಂದಿನ ಹಂತಕ್ಕೆ ಯಾರು ಹೋದರು ಎಂಬ ಪಟ್ಟಿಯಲ್ಲಿ ಒಂದು ಹೆಸರೂ ಬದಲಾಗುವುದಿಲ್ಲ!

ಬೆಂಗಳೂರು ಕ್ಲಬ್ಬಿನ ಹಿಂದಿನ ಆರಂಭಗಳೂ ಇದನ್ನೇ ಹೇಳುತ್ತವೆ. 2013ರಲ್ಲಿ ಹುಟ್ಟಿದ ಈ ತಂಡ ಆ ವರ್ಷದ ಸೆಪ್ಟೆಂಬರ್ 22ರಂದು ತನ್ನ ಮೊದಲ ಐ ಲೀಗ್ ಪಂದ್ಯದಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ಜೊತೆ 1–1ರ ಸಮ ಮಾಡಿಕೊಂಡಿತು. ಸಮದಿಂದ ಶುರುವಾದ ಆ ಋತುವಿನ ಕೊನೆಗೆ ಅದೇ ಚಾಂಪಿಯನ್. 2020ರಲ್ಲಿ ಗೋವಾ ಜೊತೆ 2–2 ಸಮ ಮಾಡಿಕೊಂಡಿತು, ಋತುವಿನ ಕೊನೆಗೆ ಸಿಕ್ಕಿದ್ದು ಏಳನೆಯ ಸ್ಥಾನ. 2018ರ ಮಾರ್ಚಿನಲ್ಲಿ ಫೈನಲ್ ಸೋಲಿಸಿದ್ದ ಚೆನ್ನೈಯಿನ್ ತಂಡವೇ ಅದೇ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಮೊದಲ ಎದುರಾಳಿಯಾಗಿ ಬಂತು. ಬೆಂಗಳೂರು 1–0ರಿಂದ ಗೆದ್ದಿತು, ಋತುವಿನ ಕೊನೆಗೆ ಕಪ್ಪನ್ನೂ ಗೆದ್ದಿತು. 2022ರಲ್ಲಿ ಮೊದಲ ಪಂದ್ಯ ಗೆದ್ದು ಫೈನಲ್ ತನಕ ಹೋಗಿ ಪೆನಾಲ್ಟಿಯಲ್ಲಿ ಸೋತಿತು. ಮೊದಲ ಪಂದ್ಯವನ್ನು ಪಂಚಾಂಗದಂತೆ ನೋಡಿ ವರ್ಷಫಲ ಹೇಳಲು ಹೊರಟವನು ಕೆಡುವುದು ಖಂಡಿತ.

ಇಲ್ಲಿಗೆ ಲೆಕ್ಕದವನು ಗೆದ್ದಂತೆ ಕಾಣುತ್ತದೆ. ಆದರೆ ಇತಿಹಾಸ ಎರಡನೆಯವನ ಪರವಾಗಿಯೂ ಸಾಕ್ಷಿ ಹೇಳುತ್ತದೆ.

ಕೋಲ್ಕತ್ತದಲ್ಲಿ 1925ರ ಮೇ 28ರಂದು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಲೀಗ್ ಪಂದ್ಯದಲ್ಲಿ ಮೊದಲ ಬಾರಿ ಎದುರಾದವು. ಈಸ್ಟ್ ಬೆಂಗಾಲ್ 1–0ರಿಂದ ಗೆದ್ದಿತು. ಒಂದು ಪಶ್ಚಿಮ ಬಂಗಾಳದ ಮೂಲನಿವಾಸಿಗಳ ತಂಡ, ಇನ್ನೊಂದು ಪೂರ್ವ ಬಂಗಾಳದಿಂದ ಬಂದವರ ತಂಡ. ದೇಶವಿಭಜನೆಯ ನಂತರ ನೆಲೆ ಕಳೆದುಕೊಂಡು ಬಂದವರಿಗೆ ಆ ಕೆಂಪು ಹಳದಿ ಅಂಗಿಯೇ ಊರಿನ ಗುರುತಾಯಿತು. ಅಂಥ ಪಂದ್ಯವನ್ನು ಬರಿಯ ಅಂಕದಿಂದ ಅಳೆಯಲು ಆಗುವುದೇ? ಆದರೆ ಇದೇ ಜಿದ್ದು 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಗಲಭೆಯಾಗಿ ತಿರುಗಿ, ನೂಕುನುಗ್ಗಲಿನಲ್ಲಿ 16 ಮಂದಿ ಅಭಿಮಾನಿಗಳು ಪ್ರಾಣ ಬಿಟ್ಟರು. ಅಂದು ನಡೆಯುತ್ತಿದ್ದದ್ದು ಫೈನಲ್ ಅಲ್ಲ, ಲೀಗಿನ ಒಂದು ಪಂದ್ಯ. ಜಿದ್ದಿಗೆ ಎಷ್ಟು ತೂಕ ಎಂದು ಕೇಳುವವರು ಈ ಹದಿನಾರು ಮಂದಿಯನ್ನು ಮರೆಯಬಾರದು.

ನಮ್ಮ ನಾಡಿನ ಫುಟ್‌ಬಾಲ್ ಜಿದ್ದು ಹಿಂದೆ ಇದ್ದದ್ದೂ ಬಂಗಾಳದ ಮೇಲೆಯೇ, ಕೇರಳದ ಮೇಲೆ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ, ಆಗ ಕೋಲ್ಕತ್ತದ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ರೋವರ್ಸ್ ಕಪ್ ತಂದಿತು. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಿನಂತೆ ಇತ್ತು. ಮರುವರ್ಷವೂ ಬೆಂಗಳೂರಿನವರೇ ಗೆದ್ದರು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ ನಾಲ್ಕು ಬಾರಿ ಚಾಂಪಿಯನ್ ಆಯಿತು: 1946–47, 1952–53, 1967–68 ಮತ್ತು 1968–69. ನಾಲ್ಕೂ ಬಾರಿ ಫೈನಲಿನಲ್ಲಿ ಸೋತದ್ದು ಬಂಗಾಳ. ಆ ಬಂಗಾಳವೇ ನಮ್ಮ ಆಟಗಾರರನ್ನು ಕರೆದು ಮೆರೆಸಿತು ಎಂಬುದೂ ನಿಜ. ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲ್‌ನ ಪ್ರಸಿದ್ಧ ‘ಪಂಚಪಾಂಡವರ’ ಸಾಲಿನಲ್ಲಿದ್ದರು. ಎದುರಾಳಿಯ ಊರಿನಲ್ಲಿ ಅನ್ನ, ಎದುರಾಳಿಯ ಬಾಯಲ್ಲಿ ಹೊಗಳಿಕೆ. ಅಂದಿನ ಜಿದ್ದಿನ ರೀತಿ ಅದು.

ಆ ಕಾಲಕ್ಕೆ ಕೇರಳದ ಬಳಿ ಒಂದು ಸಂತೋಷ್ ಟ್ರೋಫಿಯೂ ಇರಲಿಲ್ಲ. ಅವರ ಮೊದಲ ಗೆಲುವು ಬಂದದ್ದು 1973ರ ಕೊನೆಯಲ್ಲಿ, ಕೊಚ್ಚಿಯಲ್ಲಿ. ಆಗ ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಅಲ್ಲಿಂದ ಮುಂದೆ ತಕ್ಕಡಿ ಬೇರೆ ಕಡೆ ವಾಲಿತು. 2022ರ ಹೊತ್ತಿಗೆ ಕೇರಳದ ಟ್ರೋಫಿಗಳು ಏಳಾದವು, ನಮ್ಮವು ನಾಲ್ಕರಲ್ಲೇ ನಿಂತವು. ಆ ವರ್ಷದ ಸೆಮಿಫೈನಲಿನಲ್ಲಿ ಮಂಜೇರಿಯಲ್ಲಿ ಕೇರಳ ಕರ್ನಾಟಕವನ್ನು 7–3ರಿಂದ ಸೋಲಿಸಿತು.

ಮರುವರ್ಷ ಏನಾಯಿತು ಎಂಬುದು ಈ ಬರಹದ ಮುಖ್ಯ ಸಂಗತಿ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ವಿದೇಶದಲ್ಲಿ ಆ ಫೈನಲ್ ನಡೆದದ್ದು ಅದೇ ಮೊದಲು. ತಾರೀಕನ್ನು ಗಮನಿಸಿ. ಕಂಠೀರವದಲ್ಲಿ ಕೇರಳ ತಂಡ ಹೊರನಡೆದದ್ದು ಮಾರ್ಚ್ 3ರ ರಾತ್ರಿ, ರಿಯಾದ್‌ನ ಗೆಲುವು ಮಾರ್ಚ್ 4ರದು. ಮೊದಲನೆಯದು ಇಂದಿಗೂ ಹೋಟೆಲಿನಲ್ಲಿ, ರೈಲಿನಲ್ಲಿ, ಪ್ಲಾಟ್‌ಫಾರಂ ಮೇಲೆ ಚರ್ಚೆಯಾಗುತ್ತದೆ. ಎರಡನೆಯದನ್ನು ನೆನೆಯುವವರು ಎಷ್ಟು ಮಂದಿ? ಅರ್ಧ ಶತಮಾನ ಕಾದು ಬಂದ ಕಪ್ಪನ್ನು ಒಂದು ಜಗಳ ನುಂಗಿ ನೀರು ಕುಡಿಯಿತು.

ಅಭಿಮಾನಿಗಳನ್ನು ದೂರುವುದು ಸುಲಭ. ಆದರೆ ಅವರಿಲ್ಲದೆ ಈ ಆಟ ಉಳಿಯುತ್ತಿತ್ತೇ? ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳು ತಲೆಮಾರುಗಳ ಕಾಲ ಆಟಗಾರರನ್ನು ಕೊಟ್ಟವು. ಗೌತಮಪುರದವರು ಬ್ರೆಜಿಲ್‌ನ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳ ತಂಡಗಳು ಆ ಹುಡುಗರಿಗೆ ಕೆಲಸ ಕೊಟ್ಟು ಆಡಿಸಿದವು. ಕಾರ್ಖಾನೆ ತಂಡಗಳ ಕಾಲ ಇಳಿದ ಮೇಲೆ ಗ್ಯಾಲರಿಗಳು ಖಾಲಿಯಾಗಿದ್ದವು. 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಕೂಗಲು ಶುರುಮಾಡಿದ ಹುಡುಗರೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಆದರು. ಕೇರಳದವರ ಪಡೆಯ ಹೆಸರು ‘ಮಂಜಪ್ಪಡ’. ಮಲಯಾಳದಲ್ಲಿ ಮಂಜ ಎಂದರೆ ಹಳದಿ. ‘ಪಡ’ ಬೇರೆಯಲ್ಲ, ನಮ್ಮ ‘ಪಡೆ’ಯೇ. ಬೈದಾಡುವವರ ಹೆಸರಿನಲ್ಲೇ ಅಣ್ಣತಮ್ಮಂದಿರ ಮಾತು ಅಡಗಿ ಕುಳಿತಿದೆ.

ಅಪಾಯ ಇರುವುದೂ ಇಲ್ಲೇ. ಎರಡು ಕ್ಲಬ್ಬುಗಳ ಜಿದ್ದು ಎರಡು ಭಾಷೆಗಳ ಜಗಳವಾದರೆ ಅದು ಆಟದ ಕೈಮೀರುತ್ತದೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಮಲಯಾಳಿ ಹುಡುಗ ನೀಲಿ ಅಂಗಿ ತೊಟ್ಟರೆ ತಪ್ಪೇ? 1956ರ ರಾಜ್ಯ ಮರುವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗ ಯಾವ ಬಣ್ಣ ತೊಡಬೇಕು? ಅವನು ಕೊಚ್ಚಿಯ ತಂಡವನ್ನು ಮೆಚ್ಚಿದರೆ ಕನ್ನಡ ಕಡಿಮೆಯಾಗುವುದಿಲ್ಲ. ಆಟದ ಜಿದ್ದಿಗೆ 90 ನಿಮಿಷದ ಬೇಲಿ ಇದೆ. ಬೇಲಿಯೊಳಗೆ ಅದು ಬೆಳೆ, ಹೊರಗೆ ಬಂದರೆ ಕಳೆ.

ಹಾಗಾದರೆ ಮೊದಲ ಪಂದ್ಯದ ತೂಕ ಎಷ್ಟು? ಅಂಕದಲ್ಲಿ ಇಪ್ಪತ್ತೆರಡರಲ್ಲಿ ಒಂದು ಪಾಲು. ನೆನಪಿನಲ್ಲಿ ಅದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಬೇಸಿಗೆಯಿಡೀ ಬಾಯಲ್ಲಿ ಉಳಿದ ಮಾತಿಗೆ ಮೈದಾನದಲ್ಲಿ ಉತ್ತರ ಸಿಗುವುದು ಆ ದಿನ. ಆ ಉತ್ತರವೂ ಕೊನೆಯದಲ್ಲ. ಕೊಚ್ಚಿಯಲ್ಲಿ ಸೋತ ಬೆಂಗಳೂರು 2024ರ ಮಾರ್ಚ್ 2ರಂದು ಕಂಠೀರವದಲ್ಲಿ ಅದೇ ಕೇರಳವನ್ನು 1–0ರಿಂದ ಸೋಲಿಸಿತು. ಹೊರನಡೆದ ರಾತ್ರಿಗೆ ವರ್ಷ ತುಂಬಲು ಒಂದೇ ದಿನ ಬಾಕಿಯಿತ್ತು. ಅಷ್ಟು ಹೊತ್ತಿಗೆ ಮೊದಲ ಪಂದ್ಯದ ಲೆಕ್ಕ ಸರಿಹೋಗಿತ್ತು, ಜಿದ್ದು ಮಾತ್ರ ಹಾಗೇ ಇತ್ತು.

ಬೀರೂರಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಮೂರನೆಯ ಹುಡುಗ ರೈಲು ಹತ್ತುವ ಮುಂಚೆ ಉಳಿದಿದ್ದ ಕಾಯನ್ನು ಇಬ್ಬರ ಕೈಗೂ ಸಮನಾಗಿ ಹಾಕಿದ. ಮೂವರೂ ಒಂದೇ ಬೋಗಿ ಹತ್ತಿದರು. ಕಡೂರು ಬರುವ ಮೊದಲೇ ವಾದ ಮತ್ತೆ ಶುರುವಾಗಿರಬೇಕು.