ತಾಳಿಯ ಮೇಲಣ ಶಿಲುಬೆ

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಅಧಿಷ್ಠಾನದ ಮೇಲೆ ಹೊಯ್ಸಳ ರೂವಾರಿಗಳು ಕಡೆದಿಟ್ಟ ರಾಮಾಯಣ ಭಾರತಗಳ ಪಟ್ಟಿಕೆಗಳನ್ನು ನೋಡಿಕೊಂಡು, ಕೃಷ್ಣರಾಜಪೇಟೆ ಪಾಂಡವಪುರಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬರತಕ್ಕ ಯಾತ್ರಿಕನು, ರಂಗನಾಥನ ದರ್ಶನ ಮಾಡಿ, ಟಿಪ್ಪುವಿನ ಗುಂಬಜನ್ನು ಸುತ್ತಿ ಹಿಂದಿರುಗುವುದು ವಾಡಿಕೆ. ಗಂಜಾಮಿನ ಕಡೆ ಅಬ್ಬೆ ದುಬಾಯಿಯ ಹೆಸರಿನಿಂದ ಪ್ರಸಿದ್ಧವಾದ ಚರ್ಚೊಂದು ನಿಂತಿರುವುದನ್ನು ನೋಡಲು ಹೋಗುವವರು ವಿರಳ. ನಮ್ಮ ಸೀಮೆಯ ಕ್ರೈಸ್ತರ ವಿವಾಹಪದ್ಧತಿ ಹೇಗೆ ರೂಪುಗೊಂಡಿತು, ಹೆಂಗಸಿಗೆ ಅದರಲ್ಲಿ ದೊರೆತ ಸ್ಥಾನವೇನು ಎಂದು ವಿಚಾರಿಸಹೊರಟವನಿಗೆ ಮಾತ್ರ ಆ ಚರ್ಚಿಗಿಂತಲೂ ಒಂದೂವರೆ ಶತಮಾನ ಹಿಂದಕ್ಕೆ ಹೋಗದೆ ವಿಧಿಯಿಲ್ಲ.

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರು ಪಟ್ಟಣದಲ್ಲಿ ಆಳುತ್ತಿದ್ದಾಗ, ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಗುರುವು ಇಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದನು. ಕಾವಿಯುಟ್ಟು, ಮಾಂಸಾಹಾರವನ್ನು ತೊರೆದು, ಸಂನ್ಯಾಸಿಯಂತೆ ಬಾಳುವುದು ಮಧುರೆಯಿಂದ ಮೈಸೂರಿನವರೆಗೆ ಆ ಗುರುಗಳು ಹಿಡಿದ ಮಾರ್ಗ. ದೇವರೊಬ್ಬನನ್ನು ಬಿಟ್ಟು ಮಿಕ್ಕುದನ್ನೆಲ್ಲ ಜನ ಹೇಗಿದ್ದರೋ ಹಾಗೆಯೇ ಬಿಡುವುದೆಂಬುದು ಅವರ ನೀತಿಯಾಗಿದ್ದ ಕಾರಣ, ತಾಳಿಯೂ ಅರಿಸಿನದ ದಾರವೂ ಚಪ್ಪರದ ಶಾಸ್ತ್ರಗಳೂ ಕ್ರೈಸ್ತರ ಮದುವೆಯಲ್ಲಿ ಅಬಾಧಿತವಾಗಿ ಉಳಿದವು. ಇದನ್ನು ಔದಾರ್ಯವೆಂದು ಹೊಗಳುವವರುಂಟು. ಹುಡುಗಿಗೆ ಬುದ್ಧಿ ತಿಳಿಯುವ ಮೊದಲೇ ಲಗ್ನ ಗೊತ್ತುಮಾಡುವುದು, ಮುಟ್ಟಾದವಳನ್ನು ದೂರವಿಡುವುದು ಮೊದಲಾದುವೂ ಆ ಔದಾರ್ಯದ ನೆರಳಿನಲ್ಲಿಯೇ ಉಳಿದುವೆಂಬುದನ್ನು ಮರೆಯಲಾಗದು.

ಈ ಪದ್ಧತಿಯ ಮೇಲೆ ಬಿದ್ದ ಮೊದಲ ದೊಡ್ಡ ಪೆಟ್ಟು 1704ರ ಜೂನ್ 23ರದು. ಜಗದ್ಗುರು ಪೋಪರ ಪ್ರತಿನಿಧಿಯಾಗಿ ಚೀನಕ್ಕೆ ಹೋಗುತ್ತಿದ್ದ ಮಯ್ಯಾರ್ ದ ತೂರ್ನೋನ್ ಎಂಬಾತನು ಹಿಂದಿನ ವರ್ಷದ ಕೊನೆಯಲ್ಲಿ ಪಾಂಡಿಚೇರಿಯಲ್ಲಿ ಇಳಿದು, ಕಾಯಿಲೆಯಿಂದ ಒಳನಾಡಿಗೆ ಕಾಲಿಡಲಾರದೆ, ಇಬ್ಬರು ಜೆಸುಯಿಟರನ್ನು ಕೇಳಿ ತಿಳಿದಷ್ಟರಿಂದಲೇ ಮಧುರೆ, ಮೈಸೂರು, ಕರ್ನಾಟಿಕ್ ಎಂಬ ಮೂರು ಮಿಷನ್ನುಗಳಿಗೆ ಅನ್ವಯಿಸುವ ನಿರೂಪವೊಂದನ್ನು ಹೊರಡಿಸಿದನು. ತಾಳಿಯ ಮೇಲೆ ಪಿಳ್ಳಾರಿಯ, ಎಂದರೆ ಗಣಪತಿಯ, ಮುದ್ರೆಯಿರಬಾರದು, ಕಟ್ಟಿಯೇ ತೀರಬೇಕೆಂದಿದ್ದರೆ ಶಿಲುಬೆಯನ್ನೋ ಯೇಸುವಿನ ಅಥವಾ ಮಾತೆ ಮರಿಯಳ ರೂಪವನ್ನೋ ಕೆತ್ತಿಸಬೇಕು. ಅರಿಸಿನ ಬಳಿದ ನೂರೆಂಟು ಎಳೆಗಳ ದಾರ ಕೂಡದು. ಮದುವೆಯಲ್ಲಿ ಅರಳಿಯ ಕೊಂಬೆ ಕೂಡದು. ತೆಂಗಿನಕಾಯಿ ಒಡೆದು ಶಕುನ ನೋಡಕೂಡದು. ಇವೆಲ್ಲ ವಿಗ್ರಹಾರಾಧನೆಯ ಸೋಂಕಿಗೆ ಹೆದರಿದವನ ನಿಷೇಧಗಳು. ಆದರೆ ಅದೇ ನಿರೂಪದೊಳಗೆ, ಅದೇ ಕಟುವಾದ ಶೈಲಿಯಲ್ಲಿ, ಬೇರೆ ಜಾತಿಯ ಮೂರು ವಿಧಿಗಳು ಸೇರಿಕೊಂಡಿವೆ: ಶಾಸ್ತ್ರವಿಹಿತವಾದ ವಯಸ್ಸು ತುಂಬದ ಮಕ್ಕಳಿಗೆ ಮದುವೆ ಮಾಡಕೂಡದು, ಹುಡುಗಿ ಮೈನೆರೆದುದನ್ನು ಊರಿಗೆಲ್ಲ ಸಾರುವ ಒಸಗೆಯನ್ನು ನಡೆಸಕೂಡದು, ಮುಟ್ಟಾದ ಹೆಂಗಸನ್ನು ಆ ಕಾರಣದಿಂದ ದೇವಾಲಯದಿಂದಾಗಲಿ ಪಾಪನಿವೇದನೆಯಿಂದಾಗಲಿ ಸತ್ಪ್ರಸಾದದಿಂದಾಗಲಿ ದೂರವಿಡಕೂಡದು.

ಕಾವೇರಿಯನ್ನು ಕಣ್ಣಿನಿಂದ ಕಾಣದ ವಿದೇಶೀಯನೊಬ್ಬನು, ರೋಗಶಯ್ಯೆಯಲ್ಲಿದ್ದುಕೊಂಡು, ಕೇವಲ ಮತದ ಶುದ್ಧಿಗಾಗಿ ಬರೆಸಿದ ಈ ಪತ್ರದಲ್ಲಿ ಸ್ತ್ರೀಸಮಾನತೆಯ ಸಂಕಲ್ಪವಿತ್ತೆಂದು ಹೇಳಿದರೆ ಅದು ಇತಿಹಾಸಕ್ಕೆ ಮಾಡುವ ಅಪಚಾರ. ಹೆಂಗಸಿನ ಮಾನವನ್ನು ಕುರಿತು ಆತನು ಯೋಚಿಸಿದಂತೆ ತೋರುವುದಿಲ್ಲ. ಹೊಲೆಯೆಂಬ ಭಾವನೆ ಅನ್ಯಮತದ್ದೆಂಬುದೇ ಆತನಿಗೆ ಸಾಕಾಗಿದ್ದಿತು. ಆದರೂ ಫಲವನ್ನು ಅಲ್ಲಗಳೆಯಲಾಗದು. ಆ ಕಾಲದ ಚರ್ಚಿನ ಶಾಸನದಂತೆ ವಧುವಿಗೆ ಹನ್ನೆರಡು, ವರನಿಗೆ ಹದಿನಾಲ್ಕು ತುಂಬಿರಬೇಕಾಗಿದ್ದಿತು. ಇಂದಿನ ಕಣ್ಣಿಗೆ ಅದೂ ಬಾಲ್ಯವೇ. ಆದರೆ ಮೈಸೂರು ಸಂಸ್ಥಾನವು ಹಿಂದೂಗಳಿಗಾಗಿ 1894ರಲ್ಲಿ ಶಿಶುವಿವಾಹದ ಕಾನೂನನ್ನು ತಂದಾಗ, ಎಷ್ಟೋ ಪ್ರತಿಭಟನೆಯನ್ನು ಎದುರಿಸಿ ಅದು ನಿಷೇಧಿಸಲು ಸಾಧ್ಯವಾದುದು ಮುಖ್ಯವಾಗಿ ಎಂಟು ತುಂಬದ ಹುಡುಗಿಯ ಮದುವೆಯನ್ನು. ನಿರೂಪವಿದ್ದ ಮಾತ್ರಕ್ಕೆ ಎಲ್ಲರೂ ನಡೆದುಕೊಂಡರೆಂದು ಭ್ರಮಿಸಬೇಕಿಲ್ಲ. ನಾಲ್ಕು ದಶಕಗಳ ವ್ಯಾಜ್ಯದ ತರುವಾಯ 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಅದನ್ನು ಪುನಃ ದೃಢಪಡಿಸಿ, ಪ್ರತಿಯೊಬ್ಬ ಮಿಷನರಿಯಿಂದಲೂ ಪ್ರಮಾಣ ಮಾಡಿಸಬೇಕಾಗಿ ಬಂದುದೇ ಜನ ಎಷ್ಟು ಬಗ್ಗಿದ್ದರೆಂಬುದಕ್ಕೆ ಸಾಕ್ಷಿ. ಆ ಪ್ರಮಾಣದ ಕಟ್ಟು ಸಡಿಲಿದುದು 1940ರಲ್ಲಿ.

ಕ್ರೈಸ್ತಶಾಸ್ತ್ರದ ಮೂಲದಲ್ಲಿಯೇ ಈ ಇಬ್ಬಗೆಯಿದೆ. ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನೊಳಗೆ ಗಂಡು ಹೆಣ್ಣೆಂಬ ಭೇದವನ್ನೇ ಅಳಿಸಿಹಾಕುತ್ತಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಪತಿಯನ್ನು ಪತ್ನಿಯ ಶಿರಸ್ಸೆಂದು ನಿಲ್ಲಿಸುತ್ತಾನೆ. ವಿವಾಹವನ್ನು ಕಟ್ಟುವುದು ತಂದೆಯ ದಾನವಲ್ಲ, ವಧೂವರರಿಬ್ಬರ ಒಪ್ಪಿಗೆ ಎಂಬುದು ಚರ್ಚಿನ ಹಳೆಯ ಸಿದ್ಧಾಂತ. 1563ರಲ್ಲಿ ಟ್ರೆಂಟ್ ಮಹಾಸಭೆಯು ಆ ಒಪ್ಪಿಗೆಯು ಗುರುವಿನ ಮತ್ತು ಸಾಕ್ಷಿಗಳ ಎದುರಿನಲ್ಲಿಯೇ ನಡೆಯಬೇಕೆಂದು ವಿಧಿಸಿತು. ಧಾರೆಯೆರೆಯುವ ನಾಡಿನಲ್ಲಿ ಮದುಮಗಳನ್ನೇ ನಿಲ್ಲಿಸಿ ನಿನಗೆ ಸಮ್ಮತವೇ ಎಂದು ಕೇಳುವ ಶಾಸ್ತ್ರವು ಸಾಮಾನ್ಯವಾದುದಲ್ಲ. ಒಲ್ಲೆನೆನ್ನುವ ಧೈರ್ಯ ಎಷ್ಟು ಹುಡುಗಿಯರಿಗೆ ಇದ್ದೀತೆಂಬುದು ಬೇರೆಯ ಮಾತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವನು ಫ್ರಾನ್ಸ್ ದೇಶದ ಅಬ್ಬೆ ದುಬಾಯಿ. ಬಿಳಿಯ ನಿಲುವಂಗಿ, ರುಮಾಲು ಧರಿಸಿ ನಮ್ಮವರಂತೆಯೇ ಬಾಳಿದ ಆತನನ್ನು ಜನರು ದೊಡ್ಡಸ್ವಾಮಿಯೋರು ಎಂದು ಕರೆದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಆತನು ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರವು 1807ರಲ್ಲಿ ಕೊಂಡುಕೊಂಡು 1816ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿತು. ಹೆಂಡತಿಯು ಗಂಡನೊಡನೆ ಕುಳಿತು ಉಣ್ಣಲಾರಳೆಂದು ಅದರಲ್ಲಿ ಕಠಿಣವಾಗಿ ಬರೆದ ಲೇಖನಿಯೇ, ಇಲ್ಲಿನ ಹೆಂಗಸು ಎಂಥ ಜನಸಂದಣಿಯಲ್ಲಿಯೂ ಯಾರ ಕೀಟಲೆಗೂ ಅಂಜದೆ ಒಬ್ಬಳೇ ನಡೆದುಹೋಗಬಲ್ಲಳೆಂದೂ ಬರೆದಿದೆ. 1823ರಲ್ಲಿ, ತಾಯ್ನಾಡಿಗೆ ಹಿಂದಿರುಗಿದ ವರ್ಷವೇ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳ ಜೊತೆಗೆ ಹಿಂದೂ ಸ್ತ್ರೀಪುರುಷರ ಪರವಾದ ಸಮರ್ಥನೆಯೊಂದನ್ನು ಆತನು ಪ್ರಕಟಿಸಿದನು. ಹಿಂದೂ ಸ್ತ್ರೀಯರ ದುರ್ದೆಶೆಯನ್ನು ಇಂಗ್ಲೆಂಡಿನ ಮಹಿಳೆಯರ ಮುಂದೆ ಘೋರವಾಗಿ ಚಿತ್ರಿಸಿದ್ದ ಸೆರಾಂಪುರದ ಬ್ಯಾಪ್ಟಿಸ್ಟ್ ಪಾದ್ರಿ ವಿಲಿಯಂ ವಾರ್ಡನಿಗೆ ಅದು ಉತ್ತರ. ಮುಖಪುಟದಲ್ಲಿ ಎದುರಾಳಿಯ ಹೆಸರಿನ ಜಾಗದಲ್ಲಿದ್ದುವು ಬರಿಯ ನಕ್ಷತ್ರಗಳು. ಮನೆಯೊಳಗೆ ಗೃಹಿಣಿಗೆ ಇರತಕ್ಕ ಅಧಿಕಾರವನ್ನು ವಾರ್ಡನು ಕಾಣಲಿಲ್ಲವೆಂಬುದು ದುಬಾಯಿಯ ವಾದ. ಇಬ್ಬರಲ್ಲಿ ದುಬಾಯಿ ಹೆಚ್ಚು ನೋಡಿದ್ದನು, ವಾರ್ಡನು ಹೆಚ್ಚು ಮರುಗಿದ್ದನು. ಅಕ್ಷರವಿಲ್ಲದ ಹೆಣ್ಣಿನ ಅಧಿಕಾರ ಅಡಿಗೆಮನೆಯ ಹೊಸ್ತಿಲಿಗೆ ನಿಂತುಬಿಡುವುದನ್ನು ನಮ್ಮ ದೊಡ್ಡಸ್ವಾಮಿಯೋರು ಕಡೆಗಣಿಸಿದರೆಂದೇ ನನ್ನ ಮತ.

ಗುಡಿಯನ್ನು ಬಿಟ್ಟು ಕಚೇರಿಗೆ ಬಂದರೆ ಚಿತ್ರ ಇನ್ನೂ ವಕ್ರ. ಇಂಗ್ಲೆಂಡಿನ 1857ರ ಕಾನೂನನ್ನು ಅನುಸರಿಸಿ ಬ್ರಿಟಿಷರು 1869ರಲ್ಲಿ ಕ್ರೈಸ್ತರಿಗಾಗಿ ಮಾಡಿದ ವಿಚ್ಛೇದನ ಕಾನೂನಿನಂತೆ, ಹೆಂಡತಿಯ ವ್ಯಭಿಚಾರವೊಂದನ್ನು ರುಜುವಾತುಪಡಿಸಿದರೆ ಗಂಡನಿಗೆ ಬಿಡುಗಡೆ. ಹೆಂಡತಿಗಾದರೋ ಬಹುಮಟ್ಟಿಗೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ರುಜುವಾತುಪಡಿಸಬೇಕು. ವಿಚ್ಛೇದನವನ್ನೇ ಒಪ್ಪದ ಕಥೋಲಿಕ ನ್ಯಾಯಪೀಠದ ಮುಂದೆ ಗಂಡಹೆಂಡಿರ ಕಟ್ಟು ಒಂದೇ ತೂಕದ್ದಾಗಿದ್ದು, ಪ್ರಗತಿಪರವೆನಿಸಿಕೊಂಡ ಸರ್ಕಾರದ ತಕ್ಕಡಿ ಒಂದು ಕಡೆಗೆ ವಾಲಿದ್ದುದು ವಿಚಿತ್ರವಲ್ಲವೆ! ಇಂಗ್ಲೆಂಡು ಆ ತಾರತಮ್ಯವನ್ನು 1923ರಲ್ಲಿ ತೆಗೆದುಹಾಕಿತು. ಇಲ್ಲಿ ಗಣರಾಜ್ಯವು ಸ್ಥಾಪಿತವಾಗಿ ಅರ್ಧ ಶತಮಾನ ಕಳೆದ ಮೇಲೆ, 2001ರ ತಿದ್ದುಪಡಿಯಿಂದ, ಕ್ರೈಸ್ತ ಹೆಂಡತಿಯು ಗಂಡನಿಗಿದ್ದ ಕಾರಣಗಳ ಮೇಲೆಯೇ ನ್ಯಾಯಾಲಯದ ಬಾಗಿಲು ತಟ್ಟುವಂತಾಯಿತು.