ಪಶ್ಚಿಮಘಟ್ಟದ ಕಲ್ಲುಹೂಗಳು: ಪ್ರಭೇದ ವೈವಿಧ್ಯ ಮತ್ತು ನೆಲೆಗಳು

ಕಲ್ಲುಹೂ ಒಂಟಿ ಜೀವಿಯಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಕಟ್ಟಿಕೊಂಡ ದೇಹ. ಶಿಲೀಂಧ್ರ ಒಡಲನ್ನು ಕೊಟ್ಟು ನೀರನ್ನು ಹಿಡಿದಿಡುತ್ತದೆ; ಹಸಿರು ಪಾಚಿ ಅಥವಾ ಸಯನೋಬ್ಯಾಕ್ಟೀರಿಯಾ ಬೆಳಕಿನಿಂದ ಆಹಾರ ತಯಾರಿಸುತ್ತದೆ. ಈ ಇಬ್ಬಗೆಯ ಸ್ವರೂಪವನ್ನು 1867ರಲ್ಲಿ ಮೊದಲು ಪ್ರತಿಪಾದಿಸಿದವನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್. ಬೇರಾಗಲಿ, ನೀರನ್ನು ತಡೆಯುವ ಹೊರಪೊರೆಯಾಗಲಿ ಇಲ್ಲದ ಕಾರಣ ಕಲ್ಲುಹೂ ಗಾಳಿ, ಮಳೆ, ಮಂಜುಗಳನ್ನೇ ನಂಬಿದೆ. ತೇವ ಆರಿದಾಗ ಚಟುವಟಿಕೆ ನಿಲ್ಲಿಸಿ, ನೆನೆದಾಗ ಮತ್ತೆ ಚೇತರಿಸಿಕೊಳ್ಳುತ್ತದೆ.

ಭಾರತದಿಂದ 2,500ಕ್ಕೂ ಹೆಚ್ಚು ಪ್ರಭೇದಗಳು ವರದಿಯಾಗಿವೆ; ಪಶ್ಚಿಮಘಟ್ಟದಲ್ಲೇ ಸಾವಿರಕ್ಕೂ ಮಿಕ್ಕಿ ಇವೆ. ಈ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿದವರು ಲಖನೌದ ಡಿ. ಡಿ. ಅವಸ್ಥಿ. ಘಟ್ಟದಲ್ಲಿ ಹಕ್ಕಳೆಯಂತೆ ಅಂಟಿ ಬೆಳೆಯುವ ಪ್ರಭೇದಗಳ ಮೇಲೆ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿಸ್ತಾರವಾದ ಕೆಲಸ ಮಾಡಿದ್ದಾರೆ.

ದೇಹರಚನೆಯ ಪ್ರಕಾರ ಕಲ್ಲುಹೂಗಳಲ್ಲಿ ಮೂರು ಮುಖ್ಯ ಬಗೆ: ಆಧಾರಕ್ಕೆ ಬಿಗಿಯಾಗಿ ಅಂಟಿದ ಹಕ್ಕಳೆರೂಪ, ಅಂಚು ಎದ್ದ ಎಲೆರೂಪ, ಕವಲೊಡೆದು ಜೋತಾಡುವ ಪೊದೆರೂಪ. ಹೆಸರಿನಲ್ಲಿ ಕಲ್ಲಿದ್ದರೂ ಘಟ್ಟದ ಬಹುಪಾಲು ಪ್ರಭೇದಗಳಿಗೆ ಮರದ ತೊಗಟೆಯೇ ಮನೆ.

ನಿತ್ಯಹರಿದ್ವರ್ಣ ಕಾಡಿನ ಒಳಗೆ ಬೆಳಕು ಕಡಿಮೆ, ತೇವ ಹೆಚ್ಚು. ಇಲ್ಲಿನ ನುಣುಪು ತೊಗಟೆಯ ಮೇಲೆ ಗ್ರಾಫಿಡೇಸಿಯೇ ಕುಟುಂಬದ ಹಕ್ಕಳೆಗಳದೇ ಮೇಲುಗೈ. ಗ್ರಾಫಿಸ್ ಕುಲದ ಬೀಜಕ ಫಲಗಳು ಬಿಳಿಚಿದ ಹಾಳೆಯ ಮೇಲೆ ಗೀಚಿದ ಅಕ್ಷರಗಳಂತೆ ಕಪ್ಪು ಗೆರೆಗಳಾಗಿ ಕಾಣುತ್ತವೆ. ಇವುಗಳ ಸಂಗಾತಿ ಟ್ರೆಂಟೆಪೋಲಿಯಾ ಗುಂಪಿನ ಕಿತ್ತಳೆಬಣ್ಣದ ಪಾಚಿ. ಇದೇ ಕಾಡಿನ ಬಲಿತ ಎಲೆಗಳ ಮೇಲೂ ಪೋರಿನಾ, ಸ್ಟ್ರಿಗುಲಾ ಮುಂತಾದ ಕುಲಗಳು ನೆಲೆಸುತ್ತವೆ. ಎಲೆ ಉದುರುವುದರೊಳಗೆ ಬಾಳು ಮುಗಿಸಬೇಕಾದ್ದರಿಂದ ದೀರ್ಘಕಾಲ ಬಾಳುವ ಎಲೆಗಳೂ ಬಿಡದ ತೇವವೂ ಇವಕ್ಕೆ ಅಗತ್ಯ.

ಎತ್ತರದ ಶೋಲಾ ಕಾಡುಗಳಲ್ಲಿ ಚಿತ್ರ ಬದಲಾಗುತ್ತದೆ. ಮಂಜು ಕವಿಯುವ ಇಳಿಜಾರಿನ ಕುಳ್ಳುಮರಗಳ ಕೊಂಬೆಗಳಿಂದ ಅಸ್ನಿಯಾ ಗಡ್ಡದಂತೆ ಇಳಿಬೀಳುತ್ತದೆ. ಹಾವಸೆ ಕಟ್ಟಿದ ಕಾಂಡದ ಮೇಲೆ ಲೆಪ್ಟೋಜಿಯಂ, ಸ್ಟಿಕ್ಟಾ ಹರಡುತ್ತವೆ. ಈ ಹಂಚಿಕೆಗೆ ಸಂಗಾತಿಯ ಸ್ವಭಾವವೂ ಕಾರಣ. ಹಸಿರು ಪಾಚಿಯ ಕಲ್ಲುಹೂಗಳು ಗಾಳಿಯ ತೇವಾಂಶ ಮಾತ್ರದಿಂದಲೇ ದ್ಯುತಿಸಂಶ್ಲೇಷಣೆ ಆರಂಭಿಸಬಲ್ಲವು. ಸಯನೋಬ್ಯಾಕ್ಟೀರಿಯಾ ಉಳ್ಳವಕ್ಕೆ ದ್ರವರೂಪದ ನೀರೇ ಬೇಕು. ಹಾಗಾಗಿ ಲೆಪ್ಟೋಜಿಯಂನಂಥ ಕುಲಗಳು ಹಸಿಯಾದ ತಾಣಗಳನ್ನು ಬಿಟ್ಟು ದೂರ ಹೋಗುವುದಿಲ್ಲ. ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿ ಕಾಡಿಗೆ ಸೇರಿಸುವವೂ ಇವೇ.

ಮುಳ್ಳಯ್ಯನಗಿರಿ, ಕುದುರೆಮುಖಗಳಂಥ ಹುಲ್ಲುಬೆಟ್ಟಗಳ ಬಯಲು ಬಂಡೆ ಇದಕ್ಕೆ ತದ್ವಿರುದ್ಧ. ಮುಂಗಾರಿನಲ್ಲಿ ತಿಂಗಳುಗಟ್ಟಲೆ ನೆನೆದು ಬೇಸಗೆಯಲ್ಲಿ ಕಾಯುವ ಈ ಮೇಲ್ಮೈಯಲ್ಲಿ ಬಿಸಿಲು ಸಹಿಸಬಲ್ಲ ಹಕ್ಕಳೆರೂಪಗಳೂ ಬಂಡೆಗೆ ಒತ್ತಿಕೊಂಡ ಎಲೆರೂಪಗಳೂ ಮಾತ್ರ ನಿಲ್ಲುತ್ತವೆ. ಇವು ಸ್ರವಿಸುವ ಆಮ್ಲಗಳೂ ಸಂದುಗಳಿಗೆ ಇಳಿಯುವ ಶಿಲೀಂಧ್ರದ ಎಳೆಗಳೂ ಶಿಲೆಯನ್ನು ನಿಧಾನವಾಗಿ ಸಡಿಲಿಸಿ ಮಣ್ಣಿನ ಹುಟ್ಟಿಗೆ ನೆರವಾಗುತ್ತವೆ.

ಮನುಷ್ಯ ಬೆಳೆಸಿದ ತೋಟಗಳೂ ನೆಲೆಗಳೇ. ಅಡಕೆ, ತೆಂಗಿನ ಕಾಂಡದ ಬಿಳಿ, ಬೂದು ಮಚ್ಚೆಗಳಲ್ಲಿ ಹಲವು ಕಲ್ಲುಹೂಗಳು. ಅವು ಮರದ ರಸ ಹೀರುವುದಿಲ್ಲ. ಕಾಫಿ ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳುಮರಗಳ ಕೊಂಬೆ ಸವರಿದಾಗ, ಬೆಳಕು ಒಳಬರುತ್ತದೆ. ಬೆಳಕನ್ನು ಬಯಸುವ ಪಾರ್ಮೋಟ್ರೀಮಾದಂಥ ಎಲೆರೂಪಗಳಿಗೆ ಇದು ಅನುಕೂಲ. ದಟ್ಟ ನೆರಳಿನ ಹಕ್ಕಳೆಗಳಿಗೆ ಪ್ರತಿಕೂಲ. ಆದ್ದರಿಂದ ತೋಟದಲ್ಲಿ ಪ್ರಭೇದಗಳ ಸಂಖ್ಯೆ ಕಾಡಿನಷ್ಟೇ ಕಂಡರೂ ಪ್ರಭೇದಗಳು ಅವೇ ಆಗಿರಬೇಕೆಂದಿಲ್ಲ.

ಬಹುತೇಕ ಕಲ್ಲುಹೂಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ; ಹಾಗಾಗಿ ಕಳೆದುಹೋದದ್ದು ಬೇಗ ಮರಳದು. ಗಂಧಕದ ಡೈಆಕ್ಸೈಡನ್ನು ತಡೆಯಲು ಅವಕ್ಕೆ ಪೊರೆಯಿಲ್ಲ. ಆದ್ದರಿಂದಲೇ ವಾಯುಮಾಲಿನ್ಯದ ಸೂಚಕಗಳಾಗಿ ಬಳಕೆಯಲ್ಲಿವೆ. ಮಸಾಲೆಗೆಂದು ಎಲೆರೂಪಗಳನ್ನು ಕೀಳುವುದು, ಹಳೆಯ ಮರಗಳನ್ನು ಕಡಿಯುವುದು, ಕಾಡಿನ ಮೇಲ್ಚಾವಣಿ ತೆರೆಯುವುದು, ಇವು ನೇರವಾದ ಅಪಾಯಗಳು. ತೊಗಟೆ, ಎಲೆ, ಬಂಡೆ, ಮಂಜು ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗುಂಪುಗಳು ಕಟ್ಟುಬಿದ್ದಿರುವುದರಿಂದ, ಘಟ್ಟದ ಕಲ್ಲುಹೂ ವೈವಿಧ್ಯದ ಉಳಿವು ಕಾಡಿನ ವಿಸ್ತೀರ್ಣದಷ್ಟೇ ಈ ಸೂಕ್ಷ್ಮ ನೆಲೆಗಳ ವೈವಿಧ್ಯವನ್ನೂ ಅವಲಂಬಿಸಿದೆ.